ಬದಿಯ ಚಾನೆಲ್

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನುತ್ತಾರಲ್ಲ, ಮಾರ್ಲಾ ಅವತ್ತು ಮಾಡಿದ್ದು ಅಕ್ಷರಶಃ ಅದನ್ನೇ. ಅವಳ ಗಂಡ ರಾಯ್ಸ್ ತನ್ನ ತಾಯಿಯ ಹುಟ್ಟುಹಬ್ಬಕ್ಕೆಂದು ವಸಂತದಲ್ಲೇ ತಂದುಕೊಟ್ಟಿದ್ದ, ಬೆಂಕಿ ಆರಿಸುವವರ ರೇಡಿಯೋ ಮಾತು ಕೇಳಿಸುವ ಕೈ ಸ್ಕ್ಯಾನರ್ ಆಗಸ್ಟ್ ಮುಗಿಯುತ್ತ ಬಂದರೂ ಪೆಟ್ಟಿಗೆಯಿಂದ ಹೊರಬಂದಿರಲಿಲ್ಲ. ಫ್ರಿಜ್ಜಿನ ತಲೆಯ ಮೇಲೆ ಧೂಳು ತಿನ್ನುತ್ತ ಕೂತಿತ್ತು. ಈಗ ನೋಡಿದರೆ ಹಿಂದಿನ ಗುಡ್ಡದಲ್ಲಿ ಕಾಡು ಹೊತ್ತಿದೆ, ಗಾಳಿಗೆ ತಂತಿ ಹರಿದು ಇನ್ನೊಂದು ಕಡೆ ಕಿಡಿ ಬಿದ್ದೀತೆಂದು ಇಡೀ ಬಿಟರ್ ಕ್ರೀಕ್ ಕಣಿವೆಯ ಕರೆಂಟು ತೆಗೆದಿದ್ದಾರೆ, ಮೊಬೈಲ್ ಟವರು ಬೆಳಿಗ್ಗೆಯೇ ಕೈಕೊಟ್ಟಿದೆ. ಆಗ ಇವಳು ಅಡುಗೆಮನೆಯ ಮೇಜಿನ ಮುಂದೆ ನಿಂತು ಆ ಪೆಟ್ಟಿಗೆಯ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿಯುತ್ತಿದ್ದಳು.

"ಕತ್ತರಿ ತಗೊಳ್ಳೇ ಹುಡುಗಿ! ನಾಯಿ ಮೂಳೆ ಕಚ್ಚಿದ ಹಾಗೆ ಕಚ್ತೀಯಲ್ಲ," ಎಂದಳು ಅವಳ ಅತ್ತೆ ಒಪಾಲ್, ಕಿಟಕಿಯ ಪಕ್ಕದ ಕುರ್ಚಿಯಿಂದ.

"ಕತ್ತರಿ ಎಲ್ಲಿದೆಯೋ ಯಾರಿಗೆ ಗೊತ್ತು ಅಮ್ಮ, ಕತ್ತಲೆ ನೋಡಿ ಹೆಂಗಿದೆ!"

ಮಧ್ಯಾಹ್ನದ ಊಟದ ಹೊತ್ತು ಈಗಷ್ಟೇ ಕಳೆದಿತ್ತು. ಆದರೂ ಕಿಟಕಿಯ ಹೊರಗೆ ಬೆಳಕೆಂಬುದು ಹಳೆಯ ಚಹಾದ ಬಣ್ಣಕ್ಕೆ ತಿರುಗಿತ್ತು. ಅಂಗಳದಲ್ಲಿ ನಿಂತಿದ್ದ ಪಿಕಪ್ಪಿನ ಮೇಲೆ ಬೂದಿ ಸುಮ್ಮನೆ ಬೀಳುತ್ತಿತ್ತು, ಯಾರೋ ಮೇಲೆ ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದಂತೆ. ಮಾರ್ಲಾ ಬೇಕೆಂದೇ ಆ ಕಡೆ ನೋಡುತ್ತಿರಲಿಲ್ಲ.

ಅಮೆರಿಕದ ಆರೆಗನ್ ರಾಜ್ಯದ ಪೂರ್ವಕ್ಕಿರುವ ನಮ್ಮ ಈ ಮೂಲೆಯಲ್ಲಿ ಬೆಂಕಿ ಆರಿಸುವವರೆಂದರೆ ಸಂಬಳದವರಲ್ಲ. ಹುಲ್ಲು ಕೊಯ್ಯುವವರು, ದನ ಸಾಕುವವರು, ಸ್ಕೂಲ್ ಬಸ್ಸಿನ ಡ್ರೈವರು. ಸೊಂಟದ ಪೇಜರ್ ಕಿರುಚಿದರೆ ತುತ್ತು ತಟ್ಟೆಯಲ್ಲೇ ಬಿಟ್ಟು ಓಡುತ್ತಾರೆ. ಅವರ ಹೆಂಡಂದಿರು, ತಾಯಂದಿರು ಅಡುಗೆಮನೆಯಲ್ಲಿ ಸ್ಕ್ಯಾನರ್ ಹಚ್ಚಿಕೊಂಡು ಕಿವಿಯಿಂದಲೇ ಅವರ ಹಿಂದೆ ಹೋಗುತ್ತಾರೆ. ಸ್ಕ್ಯಾನರಿನಲ್ಲಿ ಮಾತಾಡಲು ಬರುವುದಿಲ್ಲ, ಕೇಳಲು ಮಾತ್ರ ಬರುತ್ತದೆ. ಗಂಡನಿಗೆ 'ಹುಷಾರು' ಅನ್ನಬೇಕೆಂದು ಎದೆ ಬಡಿದುಕೊಂಡರೂ ಅದು ಗೋಡೆಗೆ ಹೇಳಿದ ಹಾಗೆ. ಒಪಾಲ್ ಹೀಗೆ ನಲವತ್ತು ವರ್ಷ ಗಂಡನ ಹಿಂದೆ ಹೋಗಿದ್ದಳು. ಗಂಡ ಹಾಸಿಗೆಯಲ್ಲೇ ಸುಖವಾಗಿ ತೀರಿಕೊಂಡ, ಪುಣ್ಯವಂತ. ಈಗ ಇಬ್ಬರು ಮಕ್ಕಳ ಹಿಂದೆ ಹೋಗುತ್ತಿದ್ದಳು. ದೊಡ್ಡವನು ರಾಯ್ಸ್ ಬೆಂಕಿ ಆರಿಸುವ ನಾಲ್ಕನೇ ನಂಬರಿನ ಗಾಡಿ ಓಡಿಸುತ್ತಾನೆ. ಚಿಕ್ಕವನು ಡೆಲ್ ಅದೇ ಗಾಡಿಯಲ್ಲಿ ನೀರಿನ ಕೊಳವೆ ಹಿಡಿಯುತ್ತಾನೆ; ಮದುವೆಯಿಲ್ಲ, ಮನೆಯ ಹಿಂದೆ ಟ್ರೇಲರ್ ಎಂಬ ಗಾಲಿಮನೆಯಲ್ಲಿ ವಾಸ, ಮೂರು ಹೊತ್ತೂ ತಾಯಿಯ ಅಡುಗೆ, ತಾಯಿಯ ಬೈಗುಳ.

ಆ ಬೆಳಿಗ್ಗೆಯೂ ಹಾಗೇ. ಪೇಜರ್ ಹೊಡೆದುಕೊಂಡಾಗ ಡೆಲ್ ನಿಂತುಕೊಂಡೇ ಗ್ರೇವಿಯಲ್ಲಿ ಅದ್ದಿದ ಬನ್ನಿನಂಥ ಬಿಸ್ಕತ್ತನ್ನು ಬಾಯಿಗೆ ತುರುಕಿಕೊಂಡಿದ್ದ.

"ಕೂತು ತಿನ್ನೋ ದರಿದ್ರದವನೇ, ಗಂಟ್ಲಲ್ಲಿ ಸಿಕ್ಕಿ ಸತ್ತೀಯ!" ಎಂದಿದ್ದಳು ಒಪಾಲ್.

"ನಿನ್ನ ಬಿಸ್ಕತ್ತು ತಿಂದು ಇಷ್ಟು ವರ್ಷ ಬದುಕಿದೀನಿ, ಬೆಂಕಿ ಯಾವ ಲೆಕ್ಕ ಬಿಡಮ್ಮ," ಎಂದು ಅವಳ ತಲೆಗೆ ಮುತ್ತು ಕೊಟ್ಟು, ಕೂದಲಿಗೆ ಗ್ರೇವಿ ಮೆತ್ತಿ ಓಡಿದ್ದ.

ರಾಯ್ಸ್ ಮಾತ್ರ ಬಾಗಿಲಲ್ಲಿ ನಿಂತು ಮಾರ್ಲಾಳ ಮುಖವನ್ನೇ ನೋಡಿದ್ದ. "ರೇಡಿಯೋದಲ್ಲಿ ನಮ್ಮ ರಸ್ತೆ ಹೆಸರು ಬಂತಾ, ಅಮ್ಮನ್ನ ಹತ್ತಿಸ್ಕೊಂಡು ಹೊರಟುಬಿಡು. ನನ್ನ ದಾರಿ ಕಾಯ್ಬೇಡ. ಕೇಳಿಸ್ತಾ?" ಅವಳು ಹೂಂ ಎಂದಿದ್ದಳು. ಹೂಂ ಅನ್ನುವುದಕ್ಕೆ ಏನು, ನಾಲಿಗೆಗೆ ಮೂಳೆಯೇ?

ಅವರು ಹೋದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಕಪಾಟಿನ ಮೇಲಿನ ಹಳೆಯ ಸ್ಕ್ಯಾನರ್ ಗೋಡೆಯ ಕರೆಂಟನ್ನೇ ನಂಬಿದ್ದು. ಒಂದು ಮಾತಿನ ಅರ್ಧಕ್ಕೇ ಬಾಯಿ ಮುಚ್ಚಿತು. ಆ ಕ್ಷಣದಿಂದ ಗುಡ್ಡದ ಸುದ್ದಿಯೇ ಇಲ್ಲದೆ ಮಾರ್ಲಾ ಕುರುಡಿಯಾದ ಹಾಗಾಗಿದ್ದಳು.

ಪೆಟ್ಟಿಗೆ ಕೊನೆಗೂ ಹರಿಯಿತು. ಕಪ್ಪು ಸ್ಕ್ಯಾನರ್, ಒಂದು ಸಣ್ಣ ರಬ್ಬರಿನ ಆಂಟೆನಾ, ಗಾಡಿಯ ಲೈಟರ್ ತೂತಿಗೆ ಸಿಕ್ಕಿಸುವ ವೈರು, ಕಿವಿಗೆ ಹಾಕಿಕೊಳ್ಳುವುದೊಂದು. ಚಾನೆಲ್ಲುಗಳನ್ನೆಲ್ಲ ರಾಯ್ಸ್ ಅಗ್ನಿಶಾಮಕ ಠಾಣೆಯ ಕಂಪ್ಯೂಟರಿನಲ್ಲೇ ತುಂಬಿಸಿ ತಂದಿದ್ದ. ಆದರೆ ಸೆಲ್ಲು ಹಾಕಿರಲಿಲ್ಲ. ಮಾರ್ಲಾ ಟಾರ್ಚಿನ ಹೊಟ್ಟೆ ಬಿಚ್ಚಿ ಎರಡು ತೆಗೆದಳು, ಟೀವಿ ರಿಮೋಟಿನಿಂದ ಒಂದು ಕಿತ್ತಳು.

"ಹಳೇದು ಹೊಸದು ಬೆರೆಸ್ಬೇಡ," ಎಂದಳು ಒಪಾಲ್.

"ಈಗ ಅಂಗಡಿಗೆ ಹೋಗಿ ಬರ್ಲಾ ಅಮ್ಮ?"

"ಹೋಗ್ಲಿ ಬಿಡು. ಸೆಲ್ಲು ಕೂರೋ ಗೂಡಿನೊಳಗೆ ಒಂದು ಪುಟ್ಟ ಸ್ವಿಚ್ ಇರುತ್ತೆ. ಮಾಮೂಲಿ ಸೆಲ್ಲಿಗೆ ಒಂದು ಕಡೆ, ಚಾರ್ಜ್ ಆಗೋ ಸೆಲ್ಲಿಗೆ ಇನ್ನೊಂದು ಕಡೆ. ನೋಡಿದ್ಯಾ?"

"ನೋಡ್ದೆ, ನೋಡ್ದೆ."

ನೋಡಿರಲಿಲ್ಲ. ಆ ಕತ್ತಲಲ್ಲಿ ಮೂರು ಸೆಲ್ಲನ್ನು ಸರಿಯಾದ ಮುಖಕ್ಕೆ ಕೂರಿಸುವುದೇ ಅವಳಿಗೆ ಸಾಕುಬೇಕಾಗಿತ್ತು. ಮುಚ್ಚಳ ಒತ್ತಿ ಗುಂಡಿ ತಿರುವಿದಳು. ಸ್ಕ್ಯಾನರ್ ಬಿಸಿ ಎಣ್ಣೆಗೆ ನೀರು ಬಿದ್ದಂತೆ ಚರ್ರನೆ ಕಿರುಚಿತು. ಮಾರ್ಲಾ ಬೆಚ್ಚಿ ಇನ್ನೊಂದು ಗುಂಡಿಯನ್ನು ಕೊನೆಯವರೆಗೂ ತಿರುವಿಬಿಟ್ಟಳು. ಸದ್ದು ಸತ್ತಿತು. ಏನೂ ಇಲ್ಲ. ಮಸಣದಂಥ ಮೌನ.

"ಯಾರೂ ಮಾತಾಡ್ತಿಲ್ಲ ಅಮ್ಮ!" ಅವಳು ಸ್ಕ್ಯಾನರನ್ನು ಕಿವಿಗೆ ಒತ್ತಿ ಹಿಡಿದಳು. "ಯಾರೂ ಇಲ್ಲ!"

"ಇದಾರೆ ಕಣೇ, ನೀನೇ ಅವರ ಕತ್ತು ಹಿಸುಕಿದೀಯ. ಆ ಗುಂಡಿ ಕರಕರ ತಡೆಯೋದಕ್ಕೆ ಇರೋದು. ಪೂರ್ತಿ ಬಿಗಿ ಮಾಡಿದ್ರೆ ದೂರದ ಸಣ್ಣ ದನಿಗಳೂ ಅದರ ಜೊತೆ ಸಾಯ್ತವೆ. ಹಿಂದಕ್ಕೆ ತಿರುಗ್ಸು. ಕರಕರ ಬರ್ಲಿ. ಹಾಂ, ಈಗ ಅದು ನಿಲ್ಲೋ ಅಷ್ಟೇ, ಕೂದಲೆಳೆ ಅಷ್ಟು ಮುಂದಕ್ಕೆ."

ಮಾರ್ಲಾ ಹಾಗೇ ಮಾಡಿದಳು. ಒಂದು ಗಳಿಗೆ ಏನೂ ಇರಲಿಲ್ಲ. ಆಮೇಲೆ, ದೇವರೇ, ರಾಯ್ಸನ ದನಿ! "ಗಾಡಿ ನಾಲ್ಕು. ದಿಮ್ಮಿ ಲಾರಿ ರಸ್ತೆ ಕೊನೆಯಲ್ಲಿದೀವಿ. ಇಬ್ಬರೂ ಚೆನ್ನಾಗಿದೀವಿ. ಹೊಗೆ ಜಾಸ್ತಿ." ಅದೇ ಬೇಸರದ, ಆಕಳಿಸಿದಂಥ ದನಿ, ಮನೆಯಲ್ಲಿ ಉಪ್ಪು ಕೊಡು ಅನ್ನುವಾಗಲೂ ಹೀಗೇ ಅನ್ನುತ್ತಾನೆ. ಮಾರ್ಲಾ ಸ್ಕ್ಯಾನರನ್ನು ಎದೆಗೆ ಅವುಚಿಕೊಂಡು ಅಳುವುದೋ ನಗುವುದೋ ತಿಳಿಯದೆ ನಿಂತಳು.

"ಇಬ್ಬರೂ ಅಂದ್ನಾ?" ಎಂದಳು ಒಪಾಲ್. ಅವಳ ಕಿವಿ ಮಂದ; ಎರಡೂ ಕಿವಿಗೆ ಯಂತ್ರ ಹಾಕಿದ್ದರೂ ಇಷ್ಟು ಸಣ್ಣ ಪೆಟ್ಟಿಗೆಯ ದನಿ ಅವಳಿಗೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ.

"ಇಬ್ಬರೂ ಚೆನ್ನಾಗಿದಾರಂತೆ ಅಮ್ಮ."

"ಆ ಡೆಲ್ ನೀರು ಕುಡಿದ್ನೋ ಇಲ್ವೋ ಕೇಳೋಕಾಗಲ್ವಲ್ಲ ಇದ್ರಲ್ಲಿ, ಹಾಳಾದ್ದು."

ಸುಖ ಹೆಚ್ಚು ಹೊತ್ತು ಉಳಿಯಲಿಲ್ಲ. ಸ್ಕ್ಯಾನರ್ ಕೋಳಿಮರಿಯಂತೆ ಚಿಂವ್ ಎಂದಿತು. ಮತ್ತೆ ಚಿಂವ್ ಎಂದಿತು. ಸೆಲ್ಲು ಮುಗಿಯುತ್ತಿತ್ತು. ರಿಮೋಟಿನ ಆ ಒಂದು ಹಳೆಯ ಸೆಲ್ಲು ಉಳಿದೆರಡನ್ನೂ ಕೆಳಗೆಳೆಯುತ್ತಿತ್ತು. ಮಾರ್ಲಾ ವೈರನ್ನು ಬಾಚಿಕೊಂಡು ಅಂಗಳಕ್ಕೆ ಓಡಿದಳು. ಹೊರಗಿನ ಗಾಳಿ ಒಲೆಯ ಬಾಯಿ ತೆರೆದಂತಿತ್ತು. ಪಿಕಪ್ಪಿನೊಳಗೆ ಕೂತು ಇಂಜಿನ್ ಹಚ್ಚಿ, ವೈರಿನ ಒಂದು ತುದಿ ಲೈಟರ್ ತೂತಿಗೆ, ಇನ್ನೊಂದು ತುದಿ ಸ್ಕ್ಯಾನರಿಗೆ ಸಿಕ್ಕಿಸಿದಳು. ಹಳೆಯ ಡೀಸೆಲ್ ಗಾಡಿ, ಅದರ ಗದ್ದಲದಲ್ಲಿ ಏನೂ ಕೇಳದು. ಕಿವಿಗೆ ಹಾಕಿಕೊಳ್ಳುವುದನ್ನು ತುರುಕಿಕೊಂಡಳು. ಸದ್ದು ಇಳಿಸದೆ ಹಾಕಿಕೊಂಡದ್ದಕ್ಕೆ ತಲೆಯೊಳಗೆ ಸಿಡಿಲು ಬಡಿದಂತಾಗಿ ಕಣ್ಣಲ್ಲಿ ನೀರು ಬಂತು.

ಒಪಾಲ್ ಊರುಗೋಲು ಊರಿಕೊಂಡು, ಇನ್ನೊಂದು ಕೈಯಲ್ಲಿ ತನ್ನ ಚೀಲ ಹಿಡಿದು, ಬೂದಿಯ ನಡುವೆ ಬರುತ್ತ ಕೂಗುತ್ತಿದ್ದಳು. "ಸೆಲ್ಲು ತೆಗೆದೆಯಾ? ಗಾಡಿಗೆ ಸಿಕ್ಕಿಸೋ ಮುಂಚೆ ಸೆಲ್ಲು ತೆಗಿ ಅಂದೆ!"

ಮಾರ್ಲಾ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳಿಗೆ ಕೇಳುತ್ತಿದ್ದದ್ದು ಬೇರೆ. ಗಾಳಿ ತಿರುಗಿದೆ ಎಂದು ಯಾರೋ ಕೂಗುತ್ತಿದ್ದರು. ಎರಡನೇ ಗಾಡಿ ಹಿಂದಕ್ಕೆ ಬರುತ್ತಿದೆ ಎಂದರು. ಆಮೇಲೆ ರಾಯ್ಸ್, ಈ ಸಲ ಆಕಳಿಕೆಯಿಲ್ಲದ ದನಿ: "ಗಾಡಿ ನಾಲ್ಕು. ಬೆಂಕಿ ರಸ್ತೆ ದಾಟ್ತು. ನಮ್ಮ ಹಿಂದೆನೂ ಬಂದಿದೆ. ಡೆಲ್, ಕೊಳವೆ ಬಿಡೋ! ಬಿಟ್ಟು ಬಾರೋ! ನಾವು..."

ಅಲ್ಲಿಗೆ ಕಡಿದುಹೋಯಿತು.

ಅಂಗೈ ಸುಡುತ್ತಿರುವುದು ಆಗ ಅವಳ ಅರಿವಿಗೆ ಬಂತು. ಸ್ಕ್ಯಾನರ್ ಹಂಚಿನಷ್ಟು ಕಾದಿತ್ತು. ಒಳಗೆ ಸುಂಯ್ ಎನ್ನುವ ಸದ್ದು, ಸುಟ್ಟ ಪ್ಲಾಸ್ಟಿಕ್ಕಿನ ನಾತ, ಮುಚ್ಚಳದ ಸಂದಿಯಿಂದ ಬಿಳಿ ನೊರೆ. ಒಪಾಲ್ ತೆರೆದ ಬಾಗಿಲಿನಿಂದ ಊರುಗೋಲು ಚಾಚಿ ಅವಳ ಕೈಗೆ ಒಂದೇಟು ಕೊಟ್ಟಳು. ಸ್ಕ್ಯಾನರ್ ಕಾಲಬುಡಕ್ಕೆ ಬಿತ್ತು.

"ವೈರು ಕೀಳು! ಮೊದ್ಲು ವೈರು ಕೀಳೇ!"

ಕಿತ್ತಳು. ಬೆರಳಿಗೆ ಅಂಟಿದ ನೊರೆ ಸುಣ್ಣದ ಹಾಗೆ ಸುಡುತ್ತಿತ್ತು. ಒಪಾಲ್ ಹಿಂದಿನ ಸೀಟಿನಲ್ಲಿದ್ದ ಕುಡಿಯುವ ನೀರಿನ ಕ್ಯಾನು ಎಳೆದು ಆ ಕೈಮೇಲೆ ಗಳಗಳ ಸುರಿದಳು. "ಕಣ್ಣು ಮುಟ್ಕೋಬೇಡ. ಸ್ವಿಚ್ ನೋಡ್ದೆ ಅಂದ್ಯಲ್ಲ, ಏನು ನೋಡ್ದೆ, ನನ್ನ ತಲೆ? ಮಾಮೂಲಿ ಸೆಲ್ಲಿಗೆ ಚಾರ್ಜು ತುಂಬಿಸಿದ್ರೆ ಒಡೆಯದೆ ಇನ್ನೇನಾಗುತ್ತೆ!"

"ಅಮ್ಮ, ಬೈಬೇಡಿ, ಅಮ್ಮ," ಮಾರ್ಲಾ ಗೋಳೋ ಎಂದಳು. "ಬೆಂಕಿ ಅವರ ಹಿಂದೆ ಬಂದಿದೆ. ಅರ್ಧ ಮಾತಿಗೆ ನಿಂತ್ಹೋಯ್ತು. ನಾನೇ ನಿಲ್ಸಿದೆ. ನಂಗೇನೂ ಗೊತ್ತಾಗ್ತಿಲ್ಲ ಅಮ್ಮ!"

ಮುದುಕಿ ಒಂದು ಕ್ಷಣ ಗುಡ್ಡದ ಕಡೆ ನೋಡಿದಳು. ಆಮೇಲೆ ಚೀಲದಿಂದ ಹಳೆಯ ಬಟ್ಟೆ ತೆಗೆದು ಕೈಗೆ ಸುತ್ತಿಕೊಂಡು, ಸ್ಕ್ಯಾನರಿನ ಮುಚ್ಚಳ ಬಿಚ್ಚಿ, ಸೋರುತ್ತಿದ್ದ ಸೆಲ್ಲುಗಳನ್ನು ಒಂದೊಂದಾಗಿ ನೆಲಕ್ಕೆ ಕೊಡವಿದಳು. ಊರು ಬಿಟ್ಟು ಹೋಗುವುದಾದರೆ ಇರಲಿ ಎಂದು ಚೀಲಕ್ಕೆ ಹಾಕಿಕೊಂಡಿದ್ದ ಸೌತೆ ಉಪ್ಪಿನಕಾಯಿಯ ಬಾಟಲಿ ತೆರೆದಳು. ನೊರೆ ಕರಗಲೆಂದು ಬಟ್ಟೆಯ ಅಂಚನ್ನು ಅದರ ಹುಳಿಯಲ್ಲಿ ಅದ್ದಿ ಗೂಡಿನೊಳಗಿನ ತಗಡುಗಳನ್ನು ಒರೆಸಿದಳು, ಮತ್ತೆ ಒಣಬಟ್ಟೆಯಲ್ಲಿ ಒರೆಸಿದಳು. ಮಾರ್ಲಾಳಿಗೆ ಕಿರುಚಬೇಕೆನಿಸುತ್ತಿತ್ತು. ಗಂಡ ಬೆಂಕಿಯ ನಡುವೆ ನಿಂತಿರುವಾಗ ಈ ಮುದುಕಿ ಪಾತ್ರೆ ಉಜ್ಜುವವಳ ಹಾಗೆ ಉಜ್ಜುತ್ತಿದ್ದಾಳಲ್ಲ!

"ಇನ್ನು ಸೆಲ್ಲು ಬೇಡ. ಬರೀ ಗಾಡಿ ಕರೆಂಟು ಸಾಕು," ಎಂದು ಒಪಾಲ್ ಏದುಸಿರು ಬಿಡುತ್ತ ಪಕ್ಕದ ಸೀಟಿಗೆ ಹತ್ತಿದಳು. "ಸಿಕ್ಕಿಸು. ಸದ್ದು ಇಳಿಸಿ, ಆಮೇಲೆ ಕಿವಿಗೆ ಹಾಕ್ಕೋ."

ಸ್ಕ್ಯಾನರಿನ ಕಣ್ಣು ಹಸಿರಾಗಿ ತೆರೆಯಿತು. ಕಂಟ್ರೋಲ್ ರೂಮಿನ ಹೆಂಗಸಿನ ದನಿ ಬಂತು: "ಗಾಡಿ ನಾಲ್ಕು, ಉತ್ತರ ಕೊಡಿ. ಗಾಡಿ ನಾಲ್ಕು." ಉತ್ತರವಿಲ್ಲ. "ಗಾಡಿ ನಾಲ್ಕು, ಗಾಡಿ ನಾಲ್ಕು." ಆ ಹೆಂಗಸು ಎಷ್ಟು ಮೆತ್ತಗೆ ಕರೆಯುತ್ತಿದ್ದಳೆಂದರೆ, ಆ ಮೆತ್ತಗಿನ ದನಿಗೇ ಮಾರ್ಲಾಳ ಮೈ ತಣ್ಣಗಾಯಿತು. ಕೊನೆಗೆ ಬೆಂಕಿ ಪಡೆಯ ಮುಖ್ಯಸ್ಥ ಹಾಲಿಸ್ ಗಂಟಲು ಸರಿಮಾಡಿಕೊಂಡ. "ಎಲ್ಲ ಗಾಡಿಯವರೂ ಬದಿಗೆ ಬನ್ನಿ."

ಅಷ್ಟೇ. ಮತ್ತೆ ಸದ್ದಿಲ್ಲ.

"ಏನಂದ್ರು?" ಒಪಾಲ್ ಅವಳ ತೋಳು ಹಿಡಿದಳು.

"ಬದಿಗೆ ಬನ್ನಿ ಅಂದ್ರು ಅಮ್ಮ."

ಒಪಾಲಳ ಕೈ ತೋಳಿನಿಂದ ತಾನಾಗೇ ಜಾರಿತು.

ಬಿಟರ್ ಕ್ರೀಕಿನಲ್ಲಿ ಈ ಮಾತಿನ ಅರ್ಥ ಹಾಲು ಕುಡಿಯುವ ಮಗುವಿಗೂ ಗೊತ್ತು. ದೊಡ್ಡ ಚಾನೆಲ್ ಕಣಿವೆಯ ಎಲ್ಲ ಅಡುಗೆಮನೆಗಳಲ್ಲೂ ಕೇಳುತ್ತದೆ. ಅದಕ್ಕೇ ಯಾರಿಗಾದರೂ ಆಗಬಾರದ್ದು ಆದರೆ ಅದನ್ನು ಅಲ್ಲಿ ಆಡುವುದಿಲ್ಲ. ಗಾಡಿಯವರು ತಮ್ಮತಮ್ಮಲ್ಲೇ ಮಾತಾಡಲು ಇಟ್ಟುಕೊಂಡ ಬದಿಯ ಚಾನೆಲ್ಲಿಗೆ ಹೋಗಿ ಆಡುತ್ತಾರೆ. ಆ ಚಾನೆಲ್ ಎಲ್ಲರ ಸ್ಕ್ಯಾನರಿನಲ್ಲೂ ಇರುತ್ತದೆ, ಎಲ್ಲರೂ ಅದಕ್ಕೆ ಬೀಗ ಹಾಕಿಟ್ಟಿರುತ್ತಾರೆ. ಯಾರೂ ತೆರೆಯುವುದಿಲ್ಲ. ಒಬ್ಬಳು ತೆರೆದಿದ್ದಳು, ಹಿಂದೆ, ಐಡಾ ಎಂಬ ಹೆಂಗಸು. ಒಲೆಯ ಮೇಲೆ ಜ್ಯಾಮ್ ಕುದಿಯುತ್ತಿರುವಾಗ ಗಂಡನ ಸಾವನ್ನು ಒಬ್ಬಳೇ ನಿಂತು ಕೇಳಿದಳು. ಹಿಡಿದುಕೊಳ್ಳಲು ಮನೆಯಲ್ಲಿ ನರಪಿಳ್ಳೆ ಇರಲಿಲ್ಲ. ಆಗ ಮುಖ್ಯಸ್ಥನಾಗಿದ್ದ ಹಾಲಿಸನ ತಂದೆ ಬಾಗಿಲು ತಟ್ಟುವ ಹೊತ್ತಿಗೆ ಅವಳು ಬರಿಗಾಲಲ್ಲಿ ಹೊಳೆಯ ಕಡೆ ಹೋಗಿ ಆಗಿತ್ತು, ತಿರುಗಿ ಬರಲಿಲ್ಲ. ಅಂಥ ಸುದ್ದಿಗೆ ಜೊತೆಯಲ್ಲಿ ಮನುಷ್ಯರದೊಂದು ಕೈ ಇರಬೇಕು ಎನ್ನುತ್ತಾರೆ ನಮ್ಮ ಹಿರಿಯರು. ಅವತ್ತಿನಿಂದ ಅದೇ ಕಟ್ಟಳೆ.

ಕಂಟ್ರೋಲ್ ರೂಮಿನ ಹೆಂಗಸು ಮತ್ತೆ ಬಂದಳು. "ಬಿಟರ್ ಕ್ರೀಕ್ ಮೇಲಿನ ರಸ್ತೆಯ ನಿವಾಸಿಗಳು ಈಗಲೇ ಹೊರಡಿ. ಸಾಮಾನು ತೆಗೆದುಕೊಳ್ಳಲು ನಿಲ್ಲಬೇಡಿ."

ಅವರದೇ ರಸ್ತೆ. ಮಾರ್ಲಾ ಗೇರು ಹಾಕಿದಳು. ಹೊಗೆಯಲ್ಲಿ ದಾರಿ ಒಂದು ಮಾರು ಕಂಡರೆ ಹೆಚ್ಚು. ದನದ ಕೊಟ್ಟಿಗೆ ಹೋಯಿತು, ಡೆಲ್‌ನ ಟ್ರೇಲರು ಹೋಯಿತು, ಗೇಟು ಬಂತು. ಗೇಟಿನಾಚೆ ಎಡಕ್ಕೆ ತಿರುಗಿದರೆ ಕೆಳಗಿನ ಊರು, ಜನರನ್ನೆಲ್ಲ ಸೇರಿಸುವ ಸ್ಕೂಲು. ಬಲಕ್ಕೆ ತಿರುಗಿದರೆ ಗುಡ್ಡ ಹತ್ತುವ ದಿಮ್ಮಿ ಲಾರಿ ರಸ್ತೆ. ಬಲಗಡೆಯಲ್ಲಿ ಹೊಗೆಯ ಹೊಟ್ಟೆಯೊಳಗೆ ಏನೋ ಕೆಂಪಗೆ ಉಸಿರಾಡುತ್ತಿತ್ತು.

ಮಾರ್ಲಾ ಬ್ರೇಕು ಒತ್ತಿದಳು.

"ಎಡಕ್ಕೆ," ಎಂದಳು ಒಪಾಲ್.

"ರಾಯ್ಸ್ ಆ ಕಡೆ ಇದಾನೆ."

"ಎಡಕ್ಕೆ ಕಣೇ!"

"ಗಾಡಿ ಕೆಟ್ಟು ನಿಂತಿದ್ರೆ? ಕಾಲು ಮುರ್ಕೊಂಡು ಬಿದ್ದಿದ್ರೆ? ನಾನು ಹೋಗಿ ಹತ್ತಿಸ್ಕೊಂಡು ಬರ್ತೀನಿ. ನಿಮ್ಮನ್ನ ಇಲ್ಲೇ ಇಳಿಸ್ತೀನಿ, ಕೆಳಗೆ ಹೋಗೋರು ಯಾರಾದ್ರೂ ಬರ್ತಾರೆ."

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಆ ಬೆಂಕಿಯೊಳಗೆ ಈ ಡಬ್ಬ ತಗೊಂಡು ಹೋಗ್ತೀಯಾ? ಹೊರಟುಬಿಡು ಅಂದ ನಿನ್ನ ಗಂಡ. ನಿನ್ನೆದುರಿಗೇ ಅಂದ!"

"ಬದುಕಿದಾನೋ ಇಲ್ವೋ ತಿಳೀದೆ ನಾನೆಲ್ಲಿಗೂ ಹೋಗಲ್ಲ ಅಮ್ಮ! ಹೋಗೋಕೆ ಕಾಲೇ ಬರಲ್ಲ!" ಮಾರ್ಲಾ ಸ್ಕ್ಯಾನರ್ ಎತ್ತಿಕೊಂಡಳು. ಚಾನೆಲ್ಲುಗಳ ಪಟ್ಟಿಯನ್ನು ಹೆಬ್ಬೆರಳಲ್ಲಿ ಕೆಳಕ್ಕೆ ಉರುಳಿಸಿದಳು. ಎಲ್ಲಕ್ಕಿಂತ ಕೊನೆಗೆ, ಬೀಗದ ಗುರುತು ಹೊತ್ತು, ಅದು ಇತ್ತು.

ಒಪಾಲ್ ನೋಡಿದಳು. ಅವಳ ದನಿ ಸಣ್ಣದಾಯಿತು. "ಬೇಡ ಮಗಳೇ. ಅದು ಬೇಡ. ನಲವತ್ತು ವರ್ಷದಲ್ಲಿ ನಾನು ಒಂದು ಸಲಾನೂ ಮುಟ್ಟಿಲ್ಲ. ಕೈ ಎಷ್ಟು ಸಲ ಅಲ್ಲಿಗೆ ಹೋಗಿತ್ತು ಗೊತ್ತಾ ನಿಂಗೆ?"

"ಐಡಾ ಒಬ್ಬಳೇ ಇದ್ದಳು. ನಾವಿಬ್ಬರಿದೀವಿ."

"ಬೇಡ ಕಣೇ..."

ಮಾರ್ಲಾ ಗುಂಡಿ ಒತ್ತಿದಳು. ಬೀಗದ ಗುರುತು ಅಳಿಸಿಹೋಯಿತು.

ಮೊದಲು ಬರೀ ಕರಕರ. ಅವಳು ತಡೆಗುಂಡಿಯನ್ನು ಒಂದಿಷ್ಟು ಸಡಿಲಿಸಿದಳು. ಕರಕರದ ಒಳಗಿನಿಂದ ಯಾರೋ ಕೆಮ್ಮಿದರು. ಕೆಮ್ಮು ನಿಲ್ಲುತ್ತಲೇ ಇರಲಿಲ್ಲ. ಆ ಕೆಮ್ಮನ್ನು ಅವಳು ಹನ್ನೆರಡು ಚಳಿಗಾಲ ತನ್ನ ಪಕ್ಕದ ದಿಂಬಿನಲ್ಲಿ ಕೇಳಿದ್ದಳು.

"ರಾಯ್ಸ್!" ಅವಳು ಕಿರುಚಿದಳು. "ಅಮ್ಮ, ರಾಯ್ಸ್! ಕೆಮ್ತಿದಾನೆ! ಬದುಕಿದಾನೆ ಅಮ್ಮ, ಬದುಕಿದಾನೆ!" ಸ್ಟೀರಿಂಗನ್ನು ಎರಡು ಕೈಯಲ್ಲೂ ಬಡಿದಳು. ಅವಳ ಜನ್ಮದಲ್ಲೇ ಅಷ್ಟು ಸಂತೋಷ ಆಗಿರಲಿಲ್ಲ. ಹೊಗೆ, ಬೂದಿ, ಸುಟ್ಟ ಬೆರಳು, ಒಂದೂ ನೆನಪಿರಲಿಲ್ಲ.

"ಸ್ವಾಮಿ, ನಮ್ಮಪ್ಪ," ಎಂದು ಒಪಾಲ್ ಎದೆಗೆ ಕೈ ಒತ್ತಿಕೊಂಡಳು. ಅವಳ ಸುಕ್ಕು ಮುಖವೆಲ್ಲ ನಗೆಯಾಯಿತು. "ನಂಗೊತ್ತಿತ್ತು. ನಮ್ಮ ಮನೆ ಗಂಡಸರು ಅಷ್ಟು ಸುಲಭಕ್ಕೆ ಸಾಯೋರಲ್ಲ. ಆ ಇನ್ನೊಬ್ಬ ಏನು ಮಾಡ್ತಿದಾನೆ? ಡೆಲ್ ಮಾತಾಡಿದ್ನಾ?"

ಮಾರ್ಲಾ ಸುಮ್ಮನಿರಿ ಎಂಬಂತೆ ಕೈ ಎತ್ತಿದಳು. ಕಿವಿಯಲ್ಲಿ ರಾಯ್ಸ್ ಮಾತಾಡುತ್ತಿದ್ದ.

"ಹಾಲಿಸ್, ರಾಯ್ಸ್ ಮಾತಾಡ್ತಿರೋದು. ನಾನು ಕಲ್ಲುಗಣಿಯೊಳಗಿದೀನಿ. ಗಾಡಿ ಹೋಯ್ತು, ಕೈ ರೇಡಿಯೋ ಒಂದೇ ಉಳಿದಿರೋದು. ಡೆಲ್..." ಕೆಮ್ಮು. "ಡೆಲ್ ಹೋಗ್ಬಿಟ್ಟ. ಕೊಳವೆ ಬಿಟ್ಟು ಬಾ ಅಂದೆ. ನನ್ನ ದಾರಿಗೆ ನೀರು ಹಿಡ್ಕೊಂಡೇ ನಿಂತಿದ್ದ ಕಣೋ. ನಾನು ದಾಟಿದೆ, ಅವನು ದಾಟಲಿಲ್ಲ. ನನ್ನ ಪಕ್ಕದಲ್ಲೇ ಇದಾನೆ. ಹೊದಿಸಿದೀನಿ."

"ಅಲ್ಲೇ ಇರು," ಎಂದಿತು ಹಾಲಿಸನ ದನಿ. "ಎರಡನೇ ಗಾಡಿ ನಿನ್ನ ಹತ್ರ ಬರ್ತಿದೆ. ಅಲ್ಲೇ ಇರು ಮಗಾ."

"ಅಮ್ಮಂಗೆ ಯಾರೂ ಹೇಳ್ಬೇಡಿ. ನಾನೇ ಹೇಳ್ತೀನಿ. ನಾನು ಬರೋವರೆಗೂ ಯಾರೂ ಬಾಯಿ ಬಿಡಬಾರದು, ಹಾಲಿಸ್, ಭಾಷೆ ಕೊಡು."

ಮಾರ್ಲಾಳ ಎತ್ತಿದ ಕೈ ಎತ್ತಿದಲ್ಲೇ ನಿಂತಿತ್ತು. ಪಕ್ಕದಲ್ಲಿ ಇನ್ನೂ ಆ ನಗು ಆರದ ಮುದುಕಿ ಕೂತಿದ್ದಾಳೆ. ತಿರುಗಿ ನೋಡಬಾರದು ಎಂದುಕೊಂಡಳು. ನೋಡಿದರೆ ಮುಗಿಯಿತು. ಮುಖವನ್ನು ಸರಿಮಾಡಿಕೊಳ್ಳಬೇಕು, ಏನಾದರೂ ಅನ್ನಬೇಕು, ಡೆಲ್ ಚೆನ್ನಾಗಿದಾನಂತೆ ಅನ್ನಬೇಕು. ಆದರೆ ಕಣ್ಣಿನಿಂದ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು, ಅದನ್ನು ತಡೆಯುವ ಗುಂಡಿ ಎಲ್ಲೂ ಇರಲಿಲ್ಲ. ಗಂಡ ಉಳಿದನೆಂದು ಒಂದು ಉಸಿರಿನ ಹಿಂದೆ ಈ ತಾಯಿಯ ಮುಂದೆ ಕುಣಿದಳಲ್ಲ ತಾನು, ಪಾಪಿ!

"ಮಾರ್ಲಾ."

ಅವಳು ತಿರುಗಲಿಲ್ಲ.

"ರಾಯ್ಸ್ ಬದುಕಿದಾನೆ ಅಂದೆ. ಅದು ಸುಳ್ಳಲ್ಲ ತಾನೇ?"

ಮಾರ್ಲಾ ಅಲ್ಲ ಎಂದು ತಲೆಯಾಡಿಸಿದಳು.

"ಮತ್ತೆ ಈ ಅಳು ಯಾರಿಗೆ?"

ಗಾಡಿಯ ಇಂಜಿನ್ ಗಡಗಡ ಎನ್ನುತ್ತಲೇ ಇತ್ತು. ಬಲಗಡೆ ಎಲ್ಲೋ ಮರವೊಂದು ಗುಂಡು ಹೊಡೆದಂತೆ ಸಿಡಿಯಿತು.

"ಅಮ್ಮ..." ಎಂದಳು ಮಾರ್ಲಾ. "ಅಮ್ಮ, ಅವನು ನನಗೆ... ರಾಯ್ಸ್ ಹೇಳ್ದ..."

"ಹೇಳ್ಬೇಡ!" ಒಪಾಲ್ ತನ್ನ ಒಣ ಅಂಗೈಯನ್ನು ಸೊಸೆಯ ಬಾಯಿಗೆ ಒತ್ತಿ ಹಿಡಿದಳು. ಆ ಕೈಯಿಂದ ಉಪ್ಪಿನಕಾಯಿಯ ವಾಸನೆ ಬರುತ್ತಿತ್ತು. "ಹೇಳ್ಬೇಡ. ರಾಯ್ಸ್ ಬಂದು ಹೇಳ್ತಾನೆ. ನೀನೇನೂ ಕೇಳಿಲ್ಲ. ನಾನೇನೂ ನೋಡಿಲ್ಲ." ಇನ್ನೊಂದು ಕೈಯಿಂದ ಲೈಟರ್ ತೂತಿನ ವೈರನ್ನು ಎಳೆದಳು. ಹಸಿರು ಕಣ್ಣು ಮುಚ್ಚಿತು. "ಎಡಕ್ಕೆ ತಿರುಗ್ಸು."

ಮಾರ್ಲಾ ಎಡಕ್ಕೆ ತಿರುಗಿಸಿದಳು. ಆ ಕಡೆ ಹೊಗೆ ತುಸು ತೆಳುವಾಗಿತ್ತು; ಮುಂದೆ ದೀಪ ಹಚ್ಚಿಕೊಂಡ ಗಾಡಿಗಳ ಸಾಲು ಇಳಿಜಾರಿನಲ್ಲಿ ತೆವಳುತ್ತಿತ್ತು, ಕುದುರೆ ತುಂಬಿದ ಟ್ರೇಲರುಗಳು, ಹಿಂದೆ ನಾಯಿ ಕಟ್ಟಿದ ಪಿಕಪ್ಪುಗಳು. ಅವಳು ಆ ಸಾಲಿಗೆ ಸೇರಿಕೊಂಡಳು. ಒಪಾಲ್ ನೆಟ್ಟಗೆ ಕೂತು ಮುಂದಿನ ಗಾಜನ್ನೇ ನೋಡುತ್ತಿದ್ದಳು, ಚೀಲವನ್ನು ತೊಡೆಯ ಮೇಲೆ ಮಗುವಿನಂತೆ ಹಿಡಿದುಕೊಂಡು.

"ಸ್ಕೂಲು ಇನ್ನೆಷ್ಟು ದೂರ?" ಎಂದಳು ಕೊನೆಗೆ.

"ಇನ್ನೂ ಇದೆ ಅಮ್ಮ. ಈ ಸಾಲಿನಲ್ಲಿ ಹೊತ್ತಾಗುತ್ತೆ."

"ಆಗ್ಲಿ. ಅವಸರ ಮಾಡ್ಬೇಡ. ಸ್ಕೂಲು ಬರೋವರೆಗೂ ನಂಗೆ ಇಬ್ಬರು ಮಕ್ಕಳು."

ಮಾರ್ಲಾಳಿಗೆ ದಾರಿ ಮಂಜಾಯಿತು. ತೋಳಿನಿಂದ ಕಣ್ಣೊರೆಸಿಕೊಂಡು ಮುಂದಿನ ಗಾಡಿಯ ಕೆಂಪು ದೀಪದ ಮೇಲೆ ದೃಷ್ಟಿ ಇಟ್ಟಳು.

"ಆ ಡೆಲ್‌ಗೆ," ಎಂದಳು ಒಪಾಲ್. ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಆ ಡೆಲ್‌ಗೆ ಈ ಚಳಿಗಾಲಕ್ಕೆ ಒಂದು ಒಳ್ಳೆ ಕೋಟು ಕೊಡಿಸ್ಬೇಕು ಕಣೇ. ಹೋದ ವರ್ಷದ್ದು ಮೊಣಕೈಯಲ್ಲಿ ಹರಿದಿದೆ. ಹೊಲಿಸ್ಕೊಳ್ಳೋ ಅಂದ್ರೆ ಕೇಳಲ್ಲ ಅವನು."

"ಹೂಂ ಅಮ್ಮ," ಎಂದಳು ಮಾರ್ಲಾ. "ಕೊಡ್ಸೋಣ."

"ದಪ್ಪ ಉಣ್ಣೆದು. ಅಗ್ಗದ್ದು ಬೇಡ."

"ದಪ್ಪದ್ದೇ ಕೊಡ್ಸೋಣ ಅಮ್ಮ. ಯಾವ ಬಣ್ಣ ತಗೊಳ್ಳೋಣ ಹೇಳಿ?"